ಉತ್ತರೆ ಮಳೆ ಕಲಿಸಿದ ಪಾಠ: ಸೂರಿನ ದೋಣಿಗೆ ವರ್ಷಕ್ಕೆ ಎರಡು ದಿನ ಕೊಡಿ



ಬೋರ್‌ವೆಲ್ ಮೋಟರ್ ಕೆಟ್ಟರೆ ಹತ್ತು ನಿಮಿಷದಲ್ಲಿ ಮೆಕ್ಯಾನಿಕ್‌ಗೆ ಫೋನ್ ಮಾಡ್ತೀವಿ. ಟ್ರ್ಯಾಕ್ಟರ್‌ಗೆ ಆಯಿಲ್ ಯಾವಾಗ ಬದಲಾಯಿಸಬೇಕು ಅಂತ ಬಾಯಲ್ಲೇ ಹೇಳ್ತೀವಿ. ಆದ್ರೆ ಮನೆ ಸೂರಿಗೆ ಕಟ್ಟಿರೋ ನೀರಿನ ದೋಣಿಯನ್ನ ಕೊನೇ ಸಲ ಯಾವಾಗ ನೋಡಿದ್ರಿ ಅಂದ್ರೆ ಯಾರ ಹತ್ರನೂ ಉತ್ತರ ಇರಲ್ಲ. ನನ್ನ ಹತ್ರನೂ ಇರಲಿಲ್ಲ. ಮೂರು ವರ್ಷ ನಾನು ಅದರ ಕಡೆ ತಲೆ ಎತ್ತಿ ನೋಡಿರಲಿಲ್ಲ. ಅದಕ್ಕೆ ತೆತ್ತ ಬೆಲೆ ಎರಡು ಚೀಲ ರಾಗಿ, ಒಂದು ಮುರಿದ ಮಣಿಕಟ್ಟು, ಆರು ವಾರ ಅಮ್ಮನ ಒಂಟಿ ದುಡಿಮೆ.

ಈ ವಾರ ಅದರ ಬಗ್ಗೆನೇ ಬರೀತೀನಿ. ಬೆಳೆ, ಗೊಬ್ಬರ, ಔಷಧಿ ವಿಷಯ ಅಲ್ಲ. ಆದ್ರೆ ಬೆಳೆದಿದ್ದನ್ನ ಉಳಿಸಿಕೊಳ್ಳೋ ವಿಷಯ, ಕುಡಿಯೋ ನೀರಿನ ವಿಷಯ.

ಆ ರಾತ್ರಿ ಆಗಿದ್ದು

ನಮ್ಮದು ನೆಲಮಂಗಲ ತಾಲ್ಲೂಕು ಸೋಂಪುರ ಹೋಬಳಿ. ಮನೆ ಮೇಲೆ ಸಿಮೆಂಟ್ ಶೀಟು, ಪಕ್ಕದಲ್ಲೇ ಕೊಟ್ಟಿಗೆ, ಅದಕ್ಕೂ ಶೀಟು. ಎರಡೂ ಕಡೆ ಇಳಿಜಾರು ಬಂದು ಸೇರೋ ಜಾಗದಲ್ಲಿ ಜಿಐ ತಗಡಿನ ದೋಣಿ ಕೂರಿಸಿದ್ದೀವಿ. ಹಿತ್ತಲ ಕಡೆ ಸೂರಿಗೆ ಇನ್ನೊಂದು ದೋಣಿ ಇದೆ. ಅದರ ನೀರು ಪೈಪಲ್ಲಿ ಸಂಪಿಗೆ ಇಳಿಯತ್ತೆ.

ಹೋದ ವರ್ಷ ಸೆಪ್ಟೆಂಬರ್, ಉತ್ತರೆ ಮಳೆ. ಸಂಜೆಯಿಂದ ಶಿವಗಂಗೆ ಬೆಟ್ಟದ ಮೇಲೆ ಮೋಡ ಕಪ್ಪಗೆ ಕೂತಿತ್ತು. ರಾತ್ರಿ ಹತ್ತಕ್ಕೆ ಶುರುವಾದ ಮಳೆ ನಿಲ್ಲಲೇ ಇಲ್ಲ. ಹನ್ನೊಂದೂವರೆಗೆ ಅಮ್ಮ ಕೂಗಿದಳು: "ಲೋ ಮಗಾ, ರಾಗಿ ರೂಮಲ್ಲಿ ನೀರು ಸುರೀತಾ ಐತೆ, ಬಾರ್ಲಾ ಬೇಗ!"

ಹೋಗಿ ನೋಡಿದ್ರೆ ಶೀಟು ಎಲ್ಲೂ ಒಡೆದಿಲ್ಲ. ಗೋಡೆ ಮೇಲಿಂದ ಪರದೆ ಬಿಟ್ಟ ಹಾಗೆ ನೀರು ಇಳೀತಾ ಇದೆ. ಗೋಡೆ ಪಕ್ಕ ಜೋಡಿಸಿದ್ದ ನಾಲ್ಕು ಚೀಲ ರಾಗಿ ಆಗಲೇ ನೆಂದಿತ್ತು.

ದೋಣಿ ಕಟ್ಟಿಕೊಂಡಿದೆ ಅಂತ ಆಗ ಹೊಳೀತು. ಮಾಡಬಾರದ ಕೆಲಸ ಮಾಡಿದೆ. ಕಾಲಲ್ಲಿ ಹವಾಯಿ ಚಪ್ಪಲಿ, ಬಾಯಲ್ಲಿ ಮೊಬೈಲ್ ಟಾರ್ಚು, ಒದ್ದೆ ನೆಲದ ಮೇಲೆ ಏಣಿ ಇಟ್ಟು ಹತ್ತಿದೆ. ಕೆಳಗೆ ಹಿಡ್ಕೊಳ್ಳೋಕೆ ಯಾರೂ ಇಲ್ಲ. ಅಪ್ಪ "ನಿಂತ್ಕಳೋ, ಬತ್ತೀನಿ" ಅಂದಿದ್ದು ಕೇಳಿಸಿತ್ತು, ಆದ್ರೆ ನಿಲ್ಲಲಿಲ್ಲ. ಐದನೇ ಮೆಟ್ಟಿಲಲ್ಲಿ ಏಣಿ ಜಾರಿತು. ಎಡಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಮುರೀತು.

ಆರು ವಾರ ಪ್ಲಾಸ್ಟರ್. ಹಾಲು ಕರೆಯೋಕೆ ಆಗಲ್ಲ, ಹುಲ್ಲು ಕೊಯ್ಯೋಕೆ ಆಗಲ್ಲ, ಬೈಕ್ ಓಡಿಸೋಕೆ ಆಗಲ್ಲ. ಮೂರು ಹಸುನ ಎರಡು ಹೊತ್ತೂ ಅಮ್ಮನೇ ಕರೆದು ಡೇರಿಗೆ ಹಾಕಿದಳು. ಒಂದು ದಿನಾನೂ ಬೈಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ನಾಲ್ಕು ಚೀಲದಲ್ಲಿ ಎರಡನ್ನ ಬಿಸಿಲಿಗೆ ಹರಡಿ ಉಳಿಸಿಕೊಂಡ್ವಿ. ಇನ್ನೆರಡು ಮುಗ್ಗಲು ಹಿಡೀತು. "ಹಸುಗಾದ್ರೂ ಹಾಕೋಣ" ಅಂದ್ರು ಅಪ್ಪ. ನಾನು ಬೇಡ ಅಂದೆ. ಇದನ್ನ ನೀವೂ ನೆನಪಿಟ್ಟುಕೊಳ್ಳಿ: ಬೂಷ್ಟು ಬಂದ ಕಾಳಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಹಸು ತಿಂದ್ರೆ ಅದರ ಲಿವರ್‌ಗೂ ಏಟು, ವಿಷದ ಅಂಶ ಹಾಲಿಗೂ ಬರತ್ತೆ. ತೊಳೆದರೆ, ಒಣಗಿಸಿದರೆ, ಬೇಯಿಸಿದರೆ ಅದು ಹೋಗಲ್ಲ. ಎರಡು ಚೀಲನೂ ಗುಂಡಿಗೆ ಹಾಕಿದ್ವಿ.

ದೋಣಿಯೊಳಗೆ ಏನಿತ್ತು?

ಎರಡು ದಿನ ಬಿಟ್ಟು ಪಕ್ಕದ ಮನೆ ಅಣ್ಣ ಹತ್ತಿ ಕ್ಲೀನ್ ಮಾಡಿಕೊಟ್ಟರು. ಮೂರು ಬಾಂಡ್ಲಿ ತುಂಬ ಕಪ್ಪು ಮಣ್ಣು ಬಂತು. ಅದರೊಳಗೆ ಗೇಣುದ್ದ ಹುಣಸೆ ಗಿಡ ಒಂದು, ಹಸಿರಾಗಿ ಮೊಳಕೆ ಬಂದ ರಾಗಿ ಪೈರು ಒಂದಷ್ಟು. ಅಪ್ಪ ನೋಡಿ, "ಹೊಲದಲ್ಲಿ ಹುಟ್ಟದೇ ಇದ್ದಿದ್ದು ಇಲ್ಲಿ ಹುಟ್ಟೈತೆ" ಅಂತ ನಕ್ಕರು.

ನಮ್ಮ ಕಡೆ ದೋಣಿ ಕಟ್ಟಿಕೊಳ್ಳೋಕೆ ಕಾರಣ ಇವು:

- ಹುಣಸೆ, ಹೊಂಗೆ, ಸಿಲ್ವರ್ ಓಕ್ ಎಲೆ. ಇದರಲ್ಲಿ ಹುಣಸೆ ಎಲೆ ಬಲು ಮೋಸ. ಸಣ್ಣದು, ಜಾಲರಿ ಹಾಕಿದ್ರೂ ತೂರತ್ತೆ, ನೆಂದು ಕೆಸರಾಗತ್ತೆ.
- ತೆಂಗಿನ ಮರದಿಂದ ಉದುರೋ ಹೂವು, ಹರಳು, ನಾರು.
- ಸುಗ್ಗೀಲಿ ರಾಗಿ ಒಕ್ಕಣೆ ಮಾಡಿದಾಗ ಹಾರೋ ಹೊಟ್ಟು. ಕಣ ಮನೆ ಪಕ್ಕದಲ್ಲೇ ಇದ್ದರೆ ಅರ್ಧ ಹೊಟ್ಟು ಮಾಡಿನ ಮೇಲೇ ಇರತ್ತೆ.
- ಹೈವೇ ಧೂಳು, ಮಣ್ಣು ರಸ್ತೆ ಧೂಳು. ದಾಬಸ್‌ಪೇಟೆ ಸುತ್ತಮುತ್ತ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.
- ಗುಬ್ಬಿ, ಅಳಿಲು ಕಟ್ಟೋ ಗೂಡು. ಪೈಪಿನ ಬಾಯಿಗೇ ಕಟ್ತವೆ.

ಧೂಳಿನ ಜೊತೆ ಎಲೆ ಸೇರಿದ್ರೆ ಮೊದಲ ಮಳೆಗೆ ಗಾರೆ ಹಾಕಿದ ಹಾಗೆ ಗಟ್ಟಿಯಾಗತ್ತೆ. ಆಮೇಲೆ ಬರೋ ಮಳೆಯೆಲ್ಲ ಅದರ ಮೇಲೆ ಹತ್ತಿ ಹೋಗತ್ತೆ. ಸೂರಿನ ತುದಿ ದೋಣಿ ಆದ್ರೆ ನೀರು ಹೊರಗೆ ಚೆಲ್ಲಿ ಗೋಡೆ ಬುಡ ನೆನೆಯತ್ತೆ. ಮಣ್ಣಿನ ಗೋಡೆ ಇದ್ದರೆ ಅದೇ ದೊಡ್ಡ ಅಪಾಯ. ಎರಡು ಮಾಡಿನ ನಡುವೆ ಇರೋ ದೋಣಿ ಆದ್ರೆ ನೀರು ಸೀದಾ ಮನೆ ಒಳಗೆ.

ಒಂದು ಸಣ್ಣ ಲೆಕ್ಕ

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ನೆನಪಿದ್ದರೆ ಸಾಕು, ಉಳಿದಿದ್ದು ಮೊಬೈಲ್ ಕ್ಯಾಲ್ಕುಲೇಟರ್ ಮಾಡತ್ತೆ.

ನಮ್ಮ ಮಾಡು 20 ಅಡಿ ಅಗಲ, 50 ಅಡಿ ಉದ್ದ. ಒಟ್ಟು 1000 ಚದರ ಅಡಿ, ಅಂದ್ರೆ ಸುಮಾರು 93 ಚದರ ಮೀಟರ್. ನಮ್ಮ ಭಾಗದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. 93 ಇಂಟು 800, ಅಂದ್ರೆ 74,400 ಲೀಟರ್. ಸಿಡಿದು, ಆವಿಯಾಗಿ, ಸೋರಿ ಹೋಗಿದ್ದು ಐದರಲ್ಲಿ ಒಂದು ಭಾಗ ಕಳೆದ್ರೂ ಹೆಚ್ಚುಕಡಿಮೆ 60,000 ಲೀಟರ್ ಕೈಗೆ ಸಿಗತ್ತೆ. 5000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡು ಟ್ಯಾಂಕರ್ ನೀರು ನಿಮ್ಮ ತಲೆ ಮೇಲಿಂದ ಬಂದು ಮೋರಿಗೆ ಹೋಗ್ತಾ ಇದೆ.

ಇನ್ನೊಂದು ಲೆಕ್ಕ. ಗಂಟೆಗೆ 60 ಮಿಲಿಮೀಟರ್ ರಭಸದಲ್ಲಿ ಮಳೆ ಹೊಡೆದ್ರೆ ನಿಮಿಷಕ್ಕೆ ಒಂದು ಮಿಲಿಮೀಟರ್. ಅಂದ್ರೆ ನಮ್ಮ ಮಾಡಿನಿಂದ ನಿಮಿಷಕ್ಕೆ 93 ಲೀಟರ್ ಇಳಿಯತ್ತೆ. ನಿಮಿಷಕ್ಕೆ ಆರು ಬಿಂದಿಗೆ! ದೋಣಿ ಅರ್ಧ ಕಟ್ಟಿಕೊಂಡಿದ್ದರೆ ಇಷ್ಟು ನೀರು ಎಲ್ಲಿಗೆ ಹೋಗಬೇಕು?

ಬೋರ್‌ವೆಲ್ ನೀರು ನಂಬೋ ಕಾಲ ಅಲ್ಲ

ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕು, ಅಂದ್ರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಅಂತರ್ಜಲವನ್ನ ಮಿತಿಮೀರಿ ಬಳಸಿರೋ ಪಟ್ಟಿಯಲ್ಲಿವೆ. ಮಳೆಯಿಂದ ಒಳಗೆ ಇಂಗೋದಕ್ಕಿಂತ ನಾವು ಮೇಲೆ ಎತ್ತೋದು ಜಾಸ್ತಿ. ನಮ್ಮ ಶಿವಗಂಗೆ ಬೆಟ್ಟದಲ್ಲಿ ಹುಟ್ಟೋ ಕುಮುದ್ವತಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಬೇಕಾದ ಹೊಳೆ. ಈಗ ಜೋರು ಮಳೆಗಾಲ ಬಿಟ್ಟರೆ ಅದರಲ್ಲಿ ಹರಿಯೋ ನೀರು ನೋಡೋದೇ ಅಪರೂಪ.

ಬೋರ್ ಆಳಕ್ಕೆ ಹೋದಷ್ಟೂ ಹಲವು ಕಡೆ ಫ್ಲೋರೈಡ್ ಕಾಟ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನೋದು ಮಿತಿ. ಅದಕ್ಕಿಂತ ಜಾಸ್ತಿ ಇರೋ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಮಕ್ಕಳ ಹಲ್ಲು ಕಂದು ಕಲೆಯಾಗತ್ತೆ, ದೊಡ್ಡೋರಿಗೆ ಕೀಲು ಹಿಡಿಯತ್ತೆ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ. ಮಳೆ ನೀರಲ್ಲಿ ಈ ಕಾಟ ಇಲ್ಲ. ಅದಕ್ಕೇ ಅಡುಗೆಗೂ ಕುಡಿಯೋಕೂ ಮಳೆ ನೀರು ಹಿಡಿದಿಟ್ಟುಕೊಳ್ಳೋದು ಲಾಭ.

ಇದು ಪುಸ್ತಕದ ಮಾತಲ್ಲ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು 1995ರ ಸುಮಾರಿಗೆ ಬೆಂಗಳೂರಿನ ವಿಜಯನಗರದಲ್ಲಿ 'ಸೌರಭ' ಅನ್ನೋ ಮನೆ ಕಟ್ಟಿಕೊಂಡು, ಕಾವೇರಿ ನೀರಿನ ಸಂಪರ್ಕ ಇಲ್ಲದೆ ಮಳೆ ನೀರಲ್ಲೇ ಸಂಸಾರ ನಡೆಸಿ ತೋರಿಸಿದ್ರು.

ಇದರ ಇನ್ನೊಂದು ಮುಖನೂ ಗೊತ್ತಿರಲಿ. 2006-07ರ ಸುಮಾರಿಗೆ 'ಸುವರ್ಣ ಜಲ' ಅಂತ ರಾಜ್ಯದ ಸಾವಿರಾರು ಹಳ್ಳಿ ಶಾಲೆಗಳಿಗೆ ಮಳೆ ನೀರಿನ ವ್ಯವಸ್ಥೆ ಮಾಡಿಸಿದ್ರು. ಹಲವು ಶಾಲೆಗಳಲ್ಲಿ ಪೈಪು ಒಡೀತು, ಫಿಲ್ಟರ್ ಕಟ್ಟಿಕೊಳ್ತು, ತೊಟ್ಟಿ ಮೂಲೆಗೆ ಬಿತ್ತು. ಕಟ್ಟಿಸೋದಕ್ಕೆ ದುಡ್ಡಿತ್ತು, ವರ್ಷ ವರ್ಷ ನೋಡಿಕೊಳ್ಳೋಕೆ ಯಾರೂ ಇರಲಿಲ್ಲ. ನಮ್ಮ ಮನೆ ಕಥೆನೂ ಅದೇ ಆಗಿತ್ತು.

ಯಾವಾಗ ಕ್ಲೀನ್ ಮಾಡಬೇಕು?

ವರ್ಷಕ್ಕೆ ಎರಡು ಸಲ ಕಡ್ಡಾಯ.

ಮೊದಲನೇದು ಏಪ್ರಿಲ್ ಮಧ್ಯದಲ್ಲಿ, ಭರಣಿ ಮಳೆಗೂ ಮುಂಚೆ. ಚಳಿಗಾಲದ ಒಕ್ಕಣೆ ಹೊಟ್ಟು, ಫೆಬ್ರವರಿ-ಮಾರ್ಚಲ್ಲಿ ಉದುರಿದ ಎಲೆ ಎಲ್ಲ ಒಣಗಿರತ್ತೆ, ತೆಗೆಯೋದು ಸುಲಭ.

ಎರಡನೇದು ಆಗಸ್ಟ್ ಕೊನೇಲಿ, ಹುಬ್ಬೆ ಮಳೆ ಹಿಡಿಯೋ ಹೊತ್ತಿಗೆ. ನಮ್ಮ ಭಾಗಕ್ಕೆ ಜೂನ್-ಜುಲೈನಲ್ಲಿ ತುಂತುರು ಜಾಸ್ತಿ. ದೊಡ್ಡ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ತುಂತುರಲ್ಲಿ ದೋಣಿ ಕಸ ಕೊಚ್ಚಿ ಹೋಗಲ್ಲ, ಅಲ್ಲೇ ಕೊಳೆತು ಅಂಟಿಕೊಳ್ಳತ್ತೆ. ನಾನು ಎಡವಿದ್ದು ಇಲ್ಲೇ.

ಮಾಡಿನ ಮೇಲೆ ಹುಣಸೆ, ತೆಂಗು ಬಾಗಿದ್ದರೆ ಮಳೆಗಾಲದಲ್ಲಿ ತಿಂಗಳಿಗೊಂದು ಸಲ ಕಣ್ಣು ಹಾಯಿಸಿ. ಅದಕ್ಕೆ ಹತ್ತಲೇಬೇಕು ಅಂತಿಲ್ಲ. ಉದ್ದ ಕೋಲಿಗೆ ಇಲ್ಲ ಸೆಲ್ಫಿ ಸ್ಟಿಕ್‌ಗೆ ಮೊಬೈಲ್ ಕಟ್ಟಿ, ವಿಡಿಯೋ ಆನ್ ಮಾಡಿ ದೋಣಿ ಉದ್ದಕ್ಕೂ ನಿಧಾನಕ್ಕೆ ಸಾಗಿಸಿ. ಎಲ್ಲಿ ಕಸ ಇದೆ, ಎಲ್ಲಿ ತುಕ್ಕು ಹಿಡಿದಿದೆ ಎಲ್ಲ ಕಾಣತ್ತೆ.

ಏಣಿ ಹತ್ತೋ ಮುಂಚೆ

ಇದನ್ನ ಓದದೆ ಮುಂದಿನ ಭಾಗಕ್ಕೆ ಹೋಗಬೇಡಿ.

1. ಮಳೆ ಬರ್ತಿರೋವಾಗ, ಕತ್ತಲಲ್ಲಿ, ಗುಡುಗುವಾಗ ಹತ್ತಬೇಡಿ. ಒಳಗೆ ಸುರೀತಿದ್ದರೆ ಚೀಲ ಪಕ್ಕಕ್ಕೆ ಎಳೆದು, ಪಾತ್ರೆ ಇಟ್ಟು ಬೆಳಗಾಗೋವರೆಗೂ ಕಾಯಿರಿ. ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಆ್ಯಪ್ ಇದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿರೋದು. ಮಳೆ ಮಾಹಿತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿ 92433 45433 ಇದೆ, ಕನ್ನಡದಲ್ಲೇ ಹೇಳ್ತಾರೆ.

2. ಒಬ್ಬರೇ ಹತ್ತಬೇಡಿ. ಕೆಳಗೆ ಏಣಿ ಒತ್ತಿ ಹಿಡಿಯೋಕೆ ಒಬ್ಬರು ಬೇಕೇ ಬೇಕು.

3. ನಾಲ್ಕಕ್ಕೆ ಒಂದು ಲೆಕ್ಕ. ಏಣಿ ಒರಗೋ ಜಾಗ 12 ಅಡಿ ಎತ್ತರ ಇದ್ದರೆ ಬುಡ ಗೋಡೆಯಿಂದ 3 ಅಡಿ ದೂರ ಇರಲಿ. ಬುಡದ ಕೆಳಗೆ ಒದ್ದೆ ಗೋಣಿಚೀಲ, ಕಲ್ಲು, ಇಟ್ಟಿಗೆ ಇಡಬೇಡಿ. ಮಣ್ಣಾದ್ರೆ ಎರಡು ಇಂಚು ಗುಂಡಿ ತೋಡಿ ಕೂರಿಸಿ. ತುದಿಯನ್ನ ಹಗ್ಗದಲ್ಲಿ ಕಟ್ಟಿ. ಏಣಿಯನ್ನ ದೋಣಿಗೇ ಒರಗಿಸಬೇಡಿ, ದೋಣಿ ಬಾಗತ್ತೆ, ಏಣಿ ಪಕ್ಕಕ್ಕೆ ಜಾರತ್ತೆ.

4. ಸಿಮೆಂಟ್ ಶೀಟ್ ಮೇಲೆ ಕಾಲಿಡಲೇಬೇಡಿ. ಮೇಲಿಂದ ಗಟ್ಟಿಯಾಗಿ ಕಾಣತ್ತೆ, ಹಳೇದಾದ್ರೆ ಹಪ್ಪಳದ ಹಾಗೆ ಮುರಿಯತ್ತೆ. ಮೇಲೆ ಹೋಗಲೇಬೇಕಾದ್ರೆ ಕನಿಷ್ಠ ಎರಡು ಮೂರು ಅಡ್ಡತೊಲೆ ಮೇಲೆ ಭಾರ ಬೀಳೋ ಹಾಗೆ ಉದ್ದ ಹಲಗೆ ಹಾಕಿ, ಅದರ ಮೇಲೆ ನಡೀರಿ. ಸೊಂಟಕ್ಕೆ ಹಗ್ಗ ಇರಲಿ.

5. ಕರೆಂಟು. ಕಂಬದಿಂದ ಮನೆಗೆ ಬರೋ ಸರ್ವೀಸ್ ವೈರ್ ಬಹಳ ಮನೇಲಿ ದೋಣಿ ಪಕ್ಕದಲ್ಲೇ ಹಾದು ಹೋಗಿರತ್ತೆ. ವೈರ್ ಸಿಪ್ಪೆ ಸುಲಿದು ತಗಡಿಗೆ ತಾಗಿದ್ದರೆ ಇಡೀ ದೋಣಿಗೆ ಕರೆಂಟ್ ಬಂದಿರತ್ತೆ. ಮೇನ್ ಸ್ವಿಚ್ ಆಫ್ ಮಾಡಿದ್ರೂ ಕಂಬದಿಂದ ಮೀಟರ್‌ವರೆಗಿನ ವೈರಲ್ಲಿ ಕರೆಂಟ್ ಇದ್ದೇ ಇರತ್ತೆ ಅನ್ನೋದು ಮರೀಬೇಡಿ. ವೈರ್ ಜೋತು ಬಿದ್ದಿದ್ದರೆ ಮುಟ್ಟಬೇಡಿ, ಲೈನ್‌ಮನ್‌ಗೆ ಹೇಳಿ, ಇಲ್ಲಾ 1912ಕ್ಕೆ ಫೋನ್ ಮಾಡಿ. ಅಂಥ ಜಾಗದಲ್ಲಿ ಅಲ್ಯೂಮಿನಿಯಂ ಏಣಿ ಬೇಡ.

6. ಬರಿಗೈ ಹಾಕಬೇಡಿ. ಚೇಳು, ಜರಿ, ಕಣಜದ ಗೂಡು ಇರಬಹುದು. ದಪ್ಪ ಕೈಗವಸು ಹಾಕಿ, ಮೊದಲು ಕೋಲಲ್ಲಿ ಕೆದಕಿ ನೋಡಿ.

ಕ್ಲೀನ್ ಮಾಡೋ ಕ್ರಮ

ದುಬಾರಿ ಸಾಮಾನು ಏನೂ ಬೇಡ. ಖಾಲಿ ಐದು ಲೀಟರ್ ಎಣ್ಣೆ ಕ್ಯಾನನ್ನ ಅಡ್ಡಕ್ಕೆ ಕತ್ತರಿಸಿದ್ರೆ ಹಿಡಿ ಸಮೇತ ಒಳ್ಳೆ ಮೊರ ಸಿಗತ್ತೆ. ತಗಡಿಗೆ ಗೀರು ಬೀಳಲ್ಲ. ಕಬ್ಬಿಣದ ಕುರ್ಪಿಯಲ್ಲಿ ಕೆರೆದ್ರೆ ಜಿಐ ಮೇಲಿನ ಸತುವಿನ ಪದರ ಹೋಗಿ ಮುಂದಿನ ವರ್ಷ ತುಕ್ಕು ಗ್ಯಾರಂಟಿ.

- ಮೊದಲು ಸಂಪಿಗೆ ಹೋಗೋ ಪೈಪನ್ನ ಬಿಚ್ಚಿ ಪಕ್ಕಕ್ಕೆ ತಿರುಗಿಸಿ. ಮರೆತರೆ ಕಸವೆಲ್ಲ ಸಂಪಿಗೆ.
- ಪೈಪಿನ ಬಾಯಿಗೆ ಹಳೇ ಬಟ್ಟೆ ತುರುಕಿ. ಕೆದಕುವಾಗ ಕಸ ಒಳಗೆ ಬೀಳದಿರಲಿ.
- ಕಸದ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸಿಮೆಂಟ್ ಶೀಟ್ ಮಾಡು ಆದ್ರೆ ಇದು ಕಡ್ಡಾಯ. ಹಳೇ ಶೀಟಲ್ಲಿ ಆಸ್ಬೆಸ್ಟಾಸ್ ನಾರು ಇರತ್ತೆ. ಒಣಗಿದ್ದಾಗ ಕೆರೆದ್ರೆ, ಉಜ್ಜಿದ್ರೆ ಆ ನಾರು ಗಾಳೀಲಿ ಎದ್ದು ಶ್ವಾಸಕೋಶಕ್ಕೆ ಹೋಗತ್ತೆ, ವರ್ಷಗಳ ಮೇಲೆ ಕಾಯಿಲೆ ತರತ್ತೆ. ಶೀಟನ್ನ ವೈರ್ ಬ್ರಶ್‌ನಲ್ಲಿ ಉಜ್ಜಬೇಡಿ, ಪ್ರೆಶರ್ ವಾಷರ್ ಹಿಡೀಬೇಡಿ. ಮಾಸ್ಕ್ ಹಾಕಿ.
- ಪೈಪಿರೋ ತುದಿಯಿಂದ ಶುರು ಮಾಡಿ ಎತ್ತರದ ಕಡೆಗೆ ಹೋಗಿ. ಕಸ ಎತ್ತಿ ಬಕೆಟ್‌ಗೆ ಹಾಕಿ. ಬಕೆಟ್ ಹಿಡಿಗೆ ಎಸ್ ಆಕಾರದ ಕೊಕ್ಕೆ ಹಾಕಿ ಏಣಿಗೆ ನೇತುಹಾಕಿದ್ರೆ ಒಂದು ಕೈ ಏಣಿ ಹಿಡಿಯೋಕೆ ಸಿಗತ್ತೆ.
- ಕೈ ಚಾಚಿ ದೂರದ್ದನ್ನ ಎಳೀಬೇಡಿ. ಇಳಿದು ಏಣಿ ಸರಿಸಿ ಮತ್ತೆ ಹತ್ತಿ. ಸೋಮಾರಿತನಕ್ಕೆ ಇಲ್ಲಿ ಜಾಗ ಇಲ್ಲ.
- ಕೊನೇಲಿ ಬಟ್ಟೆ ತೆಗೆದು, ಎತ್ತರದ ತುದಿಯಿಂದ ನಾಲ್ಕೈದು ಬಕೆಟ್ ನೀರು ಬಿಡಿ. ಪೈಪಲ್ಲಿ ನೀರು ಗುಳುಗುಳು ಅಂತ ತಡೆದು ತಡೆದು ಬಂದ್ರೆ ಒಳಗೆ ಕಟ್ಟಿದೆ ಅಂತ ಅರ್ಥ. ಬೆಂಡ್ ಇರೋ ಜಾಗದಲ್ಲೇ ಕಟ್ಟೋದು. ಡ್ರಿಪ್ ಲ್ಯಾಟರಲ್ ಪೈಪಿನ ತುಂಡನ್ನ ಕೆಳಗಿಂದ ತೂರಿಸಿ ಆಡಿಸಿ.

ಶೀಟಿನ ದೂಳು ಸೇರದ ಎಲೆ ಕಸ ತಿಪ್ಪೆಗೆ ಒಳ್ಳೆ ಗೊಬ್ಬರ. ಹೆಂಚಿನ ಮನೆ, ತಾರಸಿ ಮನೆ ಕಸ ಧಾರಾಳವಾಗಿ ಹಾಕಿ. ಹಳೇ ಸಿಮೆಂಟ್ ಶೀಟ್ ಮಾಡಿನದಾದ್ರೆ ಒದ್ದೆಯಾಗಿರೋವಾಗಲೇ ಚೀಲಕ್ಕೆ ತುಂಬಿ, ಗುಂಡಿ ತೋಡಿ ಮುಚ್ಚಿಬಿಡಿ.

ವಾಟ ಸರಿ ಇದೆಯಾ?

ಕ್ಲೀನ್ ಮಾಡಿದ ಮೇಲೂ ಒಂದು ಕಡೆ ನೀರು ನಿಂತರೆ ವಾಟ ತಪ್ಪಿದೆ. ಹತ್ತು ಅಡಿಗೆ ಅರ್ಧ ಇಂಚಾದ್ರೂ ಇಳಿಜಾರು ಬೇಕು. 50 ಅಡಿ ದೋಣಿಗೆ ಎರಡೂವರೆ ಇಂಚು. ಗಾರೆ ಕೆಲಸದವರ ಹತ್ರ ಇರೋ ನೀರು ತುಂಬಿದ ಪಾರದರ್ಶಕ ಪೈಪಲ್ಲಿ ಮಟ್ಟ ನೋಡೋದು ಬಹಳ ಖಚಿತ. ಮೊಬೈಲಲ್ಲಿರೋ ಲೆವೆಲ್ ಆ್ಯಪ್ ಅಂದಾಜಿಗೆ ಮಾತ್ರ, ಇಷ್ಟು ಸಣ್ಣ ಇಳಿಜಾರನ್ನ ಅದು ಸರಿಯಾಗಿ ತೋರಿಸಲ್ಲ.

ದೋಣಿ ಜೋತು ಬೀಳೋಕೆ ಕಾರಣ ಕ್ಲಾಂಪು ದೂರ ದೂರ ಇರೋದು. ಎರಡು ಅಡಿಗೊಂದು ಕ್ಲಾಂಪ್ ಇರಲಿ. ನೀರು, ಕೆಸರು ತುಂಬಿದ ದೋಣಿ ಎಷ್ಟು ಭಾರ ಇರತ್ತೆ ಅಂತ ಎತ್ತಿ ನೋಡಿದವರಿಗೇ ಗೊತ್ತು.

ಸಣ್ಣ ತುಕ್ಕಿಗೆ ವೈರ್ ಬ್ರಶ್‌ನಲ್ಲಿ ತಗಡನ್ನ ಉಜ್ಜಿ, ಒರೆಸಿ, ಪ್ರೈಮರ್ ಹೊಡೆದು ಪೇಂಟ್ ಮಾಡಿ. ಸಂಪಿಗೆ ಹೋಗೋ ದೋಣಿ ಆದ್ರೆ ಒಳಗಡೆ ಸೀಸದ ಅಂಶ ಇಲ್ಲದ ಪೇಂಟ್ ಕೇಳಿ ತಗೊಳ್ಳಿ. ಜಾಯಿಂಟ್ ಸೋರಿಕೆಗೆ ಸಿಲಿಕೋನ್ ಸೀಲೆಂಟ್ ಒಳಗಡೆಯಿಂದ ಹಚ್ಚಿ, ಪೂರ್ತಿ ಒಣಗಿದ ಜಾಗಕ್ಕೆ ಹಚ್ಚಿದ್ರೆ ಮಾತ್ರ ನಿಲ್ಲತ್ತೆ. ತೂತು ಕೈಬೆರಳಿಗಿಂತ ದೊಡ್ಡದಾದ್ರೆ ತೇಪೆ ಹಾಕಬೇಡಿ, ಆ ತುಂಡೇ ಬದಲಾಯಿಸಿ. ಪಿವಿಸಿ ದೋಣಿಗೆ ತುಕ್ಕಿಲ್ಲ, ಆದ್ರೆ ಬಿಸಿಲಿಗೆ ವರ್ಷಗಳ ಮೇಲೆ ಪೆಡಸಾಗಿ ಸೀಳತ್ತೆ. ಕ್ಲಾಂಪ್ ಹತ್ರ ಬಿರುಕು ನೋಡಿ.

ಕೆಳಗಿಳಿಯೋ ಪೈಪ್ ಚಿಕ್ಕದಾಗಿದ್ದರೂ ದೋಣಿ ಉಕ್ಕತ್ತೆ. ಸುಮಾರು 600 ಚದರ ಅಡಿ ಮಾಡಿಗೆ ಒಂದು 4 ಇಂಚಿನ ಪೈಪ್ ಅನ್ನೋದು ಒಳ್ಳೆ ಕೈಲೆಕ್ಕ. ನಮ್ಮ ನಡುವಿನ ದೋಣಿಗೆ ಎರಡೂವರೆ ಇಂಚಿನ ಒಂದೇ ಪೈಪ್ ಇತ್ತು. ಈಗ ಎರಡೂ ತುದಿಗೆ 4 ಇಂಚಿನದು ಹಾಕಿಸಿದ್ದೀವಿ.

ಇನ್ನೊಂದು ಉಪಾಯ: ಜೋರು ಮಳೇಲಿ ಮನೆಯೊಳಗೆ ನಿಂತು ಕಿಟಕಿಯಿಂದ ದೋಣಿಯ ವಿಡಿಯೋ ಮಾಡಿಕೊಳ್ಳಿ. ಎಲ್ಲಿ ಉಕ್ಕತ್ತೆ, ಎಲ್ಲಿ ತೊಟ್ಟಿಕ್ಕತ್ತೆ ಅಂತ ಅಲ್ಲೇ ಗೊತ್ತಾಗತ್ತೆ. ಬಿಸಿಲು ಬಂದ ಮೇಲೆ ವೆಲ್ಡಿಂಗ್‌ನವರಿಗೆ ಆ ವಿಡಿಯೋ ತೋರಿಸಿದ್ರೆ ಅರ್ಧ ಮಾತು ಉಳಿಯತ್ತೆ.

ಎಲೆ ತಡೆಯೋಕೆ

ಮೊದಲ ಮದ್ದು ಗರಗಸ. ಮಾಡಿನ ಮೇಲೆ ಬಾಗಿರೋ ಕೊಂಬೆಯನ್ನ ಬೇಸಿಗೇಲಿ ಸವರಿಸಿ. ಎರಡನೇದು, ದೋಣಿ ಮೇಲೆ ಕೋಳಿ ಜಾಲರಿ ಹೊದಿಸೋದು. ದೊಡ್ಡ ಎಲೆ, ಗೂಡು ತಡೆಯತ್ತೆ. ಸಣ್ಣ ಕಣ್ಣಿನ ಜಾಲರಿ ಹಾಕಿದ್ರೆ ಹುಣಸೆ ಎಲೆನೂ ನಿಲ್ಲತ್ತೆ, ಆದ್ರೆ ಜಾಲರಿಯೇ ಬೇಗ ಕಟ್ಟಿಕೊಂಡು ನೀರು ಮೇಲೇ ಜಾರಿ ಹೋಗತ್ತೆ. ಪೈಪಿನ ಬಾಯಿಗೆ ಮಾತ್ರ ಉಂಡೆ ಆಕಾರದ ಜಾಲರಿ ಕೂರಿಸಿ. ಚಪ್ಪಟೆ ಜಾಲರಿ ಒಂದೇ ಎಲೆಗೆ ಮುಚ್ಚಿಹೋಗತ್ತೆ, ಉಂಡೆಯಾಗಿದ್ದರೆ ಪಕ್ಕದಿಂದ ನೀರಿಗೆ ದಾರಿ ಇರತ್ತೆ.

ಜಾಲರಿ ಹಾಕಿದ್ದೀನಿ, ಇನ್ನು ನೋಡಬೇಕಿಲ್ಲ ಅಂದ್ಕೋಬೇಡಿ. ಜಾಲರಿ ಕೆಲಸ ಕಡಿಮೆ ಮಾಡತ್ತೆ, ತಪ್ಪಿಸಲ್ಲ.

ಸಂಪಿಗೆ ಬಿಡೋ ಮುಂಚೆ

ದೋಣಿ ಎಷ್ಟೇ ಚೊಕ್ಕ ಇದ್ದರೂ ಮೊದಲ ಮಳೆ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರತ್ತೆ. ಮೊದಲ ಎರಡು ಮಿಲಿಮೀಟರ್ ಮಳೆ ಹೊರಗೆ ಬಿಡಿ. 1000 ಚದರ ಅಡಿಗೆ ಇದು ಸುಮಾರು 190 ಲೀಟರ್. ಒಂದು 200 ಲೀಟರ್ ಡ್ರಮ್‌ಗೆ ಮೊದಲ ನೀರು ತುಂಬಿ, ಅದು ತುಂಬಿದ ಮೇಲೆ ಉಳಿದಿದ್ದು ಫಿಲ್ಟರ್‌ಗೆ ಹೋಗೋ ಹಾಗೆ ಟೀ ಜಾಯಿಂಟ್ ಕೊಡಿಸಿದ್ರೆ ಆಯ್ತು. ಕೀಟನಾಶಕದ ಡ್ರಮ್ ಮಾತ್ರ ಇದಕ್ಕೆ ಬಳಸಬೇಡಿ, ಎಷ್ಟೇ ತೊಳೆದಿದ್ದರೂ. ಡ್ರಮ್ ನೀರನ್ನ ಮಳೆ ನಿಂತ ಮೇಲೆ ಗಿಡಕ್ಕೆ ಬಿಟ್ಟು ಖಾಲಿ ಮಾಡಿಡಿ.

ಫಿಲ್ಟರ್‌ನ ಜಲ್ಲಿ, ಮರಳು ವರ್ಷಕ್ಕೊಮ್ಮೆ ತೆಗೆದು ತೊಳೆದು ಒಣಗಿಸಿ. ಸಂಪಿಗೆ ಬೆಳಕು, ಇಲಿ, ಹಲ್ಲಿ ಹೋಗದ ಹಾಗೆ ಮುಚ್ಚಳ ಇರಲಿ. ಕುಡಿಯೋ ನೀರನ್ನ ಕುದಿಸಿ ಆರಿಸಿ ಕುಡೀರಿ.

ಸೊಳ್ಳೆ ಲೆಕ್ಕನೂ ಇದೆ

ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋಕೆ ಕೆರೆ ಬೇಕಿಲ್ಲ. ದೋಣೀಲಿ ನಿಂತ ಒಂದು ಲೋಟ ನೀರು ಸಾಕು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ. ನೀರು ಒಣಗಿದ್ರೂ ಮೊಟ್ಟೆ ತಿಂಗಳುಗಟ್ಟಲೆ ಅಂಟಿಕೊಂಡಿದ್ದು, ಮುಂದಿನ ಮಳೆಗೆ ಒಡೆಯತ್ತೆ. ಅದಕ್ಕೇ ನೀರು ಚೆಲ್ಲಿದ್ರೆ ಸಾಲದು, ಗೋಡೆ ಉಜ್ಜಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟವರಿಗೆ ದಂಡ ಹಾಕೋ ನಿಯಮನೂ ತಂದಿದೆ.

ತಾರಸಿ ಮನೆ ಇದ್ದರೆ?

"ನಮ್ಮದು ಆರ್‌ಸಿಸಿ, ದೋಣಿನೇ ಇಲ್ಲ" ಅಂತ ಸುಮ್ಮನಿರಬೇಡಿ. ತಾರಸಿಯ ಮೂಲೇಲಿ ನೀರು ಇಳಿಯೋ ಪೈಪಿನ ಬಾಯಿ ಇರತ್ತಲ್ಲ, ಅದೇ ನಿಮ್ಮ ದೋಣಿ. ಅದು ಕಟ್ಟಿದ್ರೆ ತಾರಸಿ ಕೆರೆಯಾಗತ್ತೆ. ನಾಲ್ಕು ಇಂಚು ನೀರು ನಿಂತರೆ ಒಂದೊಂದು ಚದರ ಮೀಟರ್ ಮೇಲೂ 100 ಕೆಜಿ ಭಾರ. ಬಿರುಕಿದ್ದರೆ ನೀರು ಒಳಗಿನ ಕಬ್ಬಿಣಕ್ಕೆ ತಲುಪಿ ಸಿಮೆಂಟ್ ಉದುರೋಕೆ ಶುರು. ಹೆಂಚಿನ ತೊಟ್ಟಿ ಮನೆ ಇರೋರು ನಾಲ್ಕು ಮೂಲೆಯ ತಗಡಿನ ದೋಣಿ ನೋಡಿ. ಹೆಂಚು ಜಾರಿ ದೋಣಿಗೆ ಅಡ್ಡ ಕೂತಿರತ್ತೆ.

ಮಲೆನಾಡಿನ ಕಡೆ ಹಿಂದೆ ಅಡಿಕೆ ಮರ ಸೀಳಿ, ತಿರುಳು ತೆಗೆದು, ದಂಬೆ ಮಾಡಿ ನೀರು ಹಾಯಿಸ್ತಿದ್ರು. ಅದು ಬೇಗ ಲಡ್ಡಾಗತ್ತೆ ಅಂತ ಗೊತ್ತಿದ್ದಿದ್ದಕ್ಕೇ ಕಣ್ಣಿಟ್ಟು ನೋಡಿಕೊಳ್ತಿದ್ರು. ತಗಡು, ಪಿವಿಸಿ ಬಂದ ಮೇಲೆ ಇದು ಶಾಶ್ವತ ಅಂತ ನಾವು ಮರೆತುಬಿಟ್ವಿ.

ಈ ಭಾನುವಾರ ಮಾಡಿ

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ನಾನು ಮೊಬೈಲಲ್ಲಿ ಎರಡು ರಿಮೈಂಡರ್ ಹಾಕಿಕೊಂಡೆ. ಒಂದು ಏಪ್ರಿಲ್ 15, ಇನ್ನೊಂದು ಆಗಸ್ಟ್ 25, ಪ್ರತಿ ವರ್ಷ ಬರೋ ಹಾಗೆ. ಹೆಸರು ಏನೂ ದೊಡ್ಡದಿಲ್ಲ, "ದೋಣಿ" ಅಂತ ಅಷ್ಟೇ.

ಈ ಏಪ್ರಿಲಲ್ಲಿ ಮೊದಲ ಸಲ ನಾನೇ ಹತ್ತಿದೆ. ಬೆಳಗ್ಗೆ ಒಂಬತ್ತು ಗಂಟೆ, ಒಣ ನೆಲ, ಅಪ್ಪ ಕೆಳಗೆ ಏಣಿ ಹಿಡಿದು ನಿಂತಿದ್ರು. ಅರ್ಧ ದಿನಕ್ಕೆ ಎರಡೂ ದೋಣಿ ಮುಗೀತು. ಮೇಲಿಂದ ಕೊನೇ ಬಕೆಟ್ ನೀರು ಬಿಟ್ಟಾಗ ಅದು ಒಂದೇ ಉಸಿರಿಗೆ ಪೈಪಲ್ಲಿ ಇಳಿದು ಹೋಯ್ತು. ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡ್ತಿದ್ದಳು. "ಇಷ್ಟೇನಾ?" ಅಂದಳು.

ಹೌದು, ಇಷ್ಟೇ. ನಿಮ್ಮ ಮನೆ ಸೂರನ್ನೂ ಈ ಭಾನುವಾರ ಒಂದು ಸಲ ನೋಡಿ. ಏಣಿ ಹಿಡಿಯೋಕೆ ಒಬ್ಬರನ್ನ ಕರ್ಕೊಳ್ಳಿ.

ಮುಂದಿನ ವಾರ ಸಿಗೋಣ.